ಬೆಳಗಿನ ಮೂತ್ರಕ್ಕೆ ಘಾಟು ವಾಸನೆ, ಟೆಸ್ಟ್ ಬೇಕಾ?

ಪ್ರಶ್ನೆ: ಕೆಲವು ದಿನದಿಂದ ಹೀಗಿದೆ. ಉರಿ, ಜ್ವರ ಇಲ್ಲ. ಬಿ-ಕಾಂಪ್ಲೆಕ್ಸ್ ಮಾತ್ರೆ ತಗೋತಿದ್ದೀನಿ.

ಉತ್ತರ 1: ರಾತ್ರಿಯೆಲ್ಲ ನೀರು ಕುಡಿಯದಿದ್ದರೆ ಮೂತ್ರ ಗಟ್ಟಿಯಾಗಿ ಘಾಟು ಹೊಡೆಯುತ್ತೆ. ಬಿ ವಿಟಮಿನ್‌ನಿಂದಲೂ ವಾಸನೆ ಬರುತ್ತೆ. ಕಡು ಹಳದಿ ಬಣ್ಣ ಅದರಲ್ಲಿರೋ ರೈಬೋಫ್ಲೇವಿನ್‌ದು (ಬಿ2 ವಿಟಮಿನ್). ಎರಡು ದಿನ ನೀರು ಜಾಸ್ತಿ ಕುಡಿದು ನೋಡಿ. ಕಿಡ್ನಿ, ಹೃದಯದ ತೊಂದರೆ ಇದ್ದರೆ ನೀರು ಜಾಸ್ತಿ ಮಾಡೋ ಮುಂಚೆ ಡಾಕ್ಟರನ್ನು ಕೇಳಿ.

ಉತ್ತರ 2: ಮೆಂತ್ಯ ತಿಂತೀರಾ? ಅದರಲ್ಲಿರೋ ಸೊಟೊಲೋನ್ ಅನ್ನೋ ವಾಸನೆಯ ಅಂಶದಿಂದ ಸುಟ್ಟ ಸಕ್ಕರೆಯಂಥ ವಾಸನೆ ಬರುತ್ತೆ. ಅಪಾಯವಿಲ್ಲ.

ಉತ್ತರ 3: ಉರಿ, ಜ್ವರ ಶುರುವಾದರೆ ಆಂಟಿಬಯೋಟಿಕ್ ನುಂಗೋ ಮುಂಚೆಯೇ ಮೂತ್ರವನ್ನು ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ಪತ್ತೆ ಮಾಡೋ ಟೆಸ್ಟ್) ಕೊಡಿ. ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡೀರಿ, ಬೇಗ ಲ್ಯಾಬ್‌ಗೆ ತಲುಪಿಸಿ. ಹೊರಗಿಟ್ಟರೆ ಬ್ಯಾಕ್ಟೀರಿಯಾ ಬೆಳೆದು ರಿಪೋರ್ಟ್ ಕೆಡುತ್ತೆ. ಸಕ್ಕರೆ ಕಾಯಿಲೆಯವರಿಗೆ ಹಣ್ಣಿನಂಥ ವಾಸನೆಯ ಜೊತೆ ವಾಂತಿ ಬಂದರೆ ಕೀಟೋನ್ (ದೇಹ ಕೊಬ್ಬನ್ನು ಕರಗಿಸಿದಾಗ ಬರೋ ಅಂಶ) ಏರಿರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ.