ಪದಚರ್ಚೆ: ‘ನಪುಂಸಕತೆ’ ಬೇಡ, ಬೇರೆ ಪದ ಬೇಕು (ನಾಳೆ ಅಚ್ಚಿಗೆ)

ಅನುವಾದಕಿ:
ಎಲ್ಲರಿಗೂ ನಮಸ್ಕಾರ. ವಯಸ್ಸಾದ ಗಂಡಸರ ಲೈಂಗಿಕ ಆರೋಗ್ಯದ ಬಗ್ಗೆ ಒಂದು ಚಿಕ್ಕ ಪುಸ್ತಿಕೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅಚ್ಚಿಗೆ ಕೊಡಬೇಕು. ಎರಡು ಪದ ಇನ್ನೂ ಬಗೆಹರಿದಿಲ್ಲ.

ಮೊದಲನೆಯದು ಇರೆಕ್ಟೈಲ್ ಡಿಸ್ಫಂಕ್ಷನ್, ಅಂದರೆ ಸಂಭೋಗದ ಹೊತ್ತಿಗೆ ಶಿಶ್ನ ಸರಿಯಾಗಿ ನೆಟ್ಟಗಾಗದಿರುವುದು. ನೋಡಿದ ಕಡೆಯೆಲ್ಲ ‘ನಪುಂಸಕತೆ’, ‘ಷಂಡತನ’ ಅಂತಲೇ ಸಿಗುತ್ತದೆ. ಇದನ್ನೇ ತಲೆಬರಹ ಮಾಡಿದರೆ ಪುಸ್ತಿಕೆಯನ್ನು ಯಾರೂ ನಾಲ್ಕು ಜನರೆದುರು ಕೈಗೆತ್ತಿಕೊಳ್ಳುವುದಿಲ್ಲ. ಅದು ಬೈಗುಳದ ಪದ. ಬೈಗುಳವನ್ನು ಕಾಯಿಲೆಯ ಹೆಸರಾಗಿ ಬಳಸಲು ನನಗೆ ಮನಸ್ಸಿಲ್ಲ.

ಎರಡನೆಯದು ಆಂಡ್ರೋಪಾಸ್, ಅಂದರೆ ವಯಸ್ಸಾದಂತೆ ಗಂಡಸರ ಹಾರ್ಮೋನು ಇಳಿಯುವುದಕ್ಕೆ ಕೆಲವರು ಕೊಡುವ ಹೆಸರು. ಕರಡಿನಲ್ಲಿ ಯಾರೋ ‘ಪುರುಷ ಋತುಬಂಧ’ ಎಂದು ಹಾಕಿದ್ದಾರೆ. ಗಂಡಸಿಗೆ ಋತುವೇ ಇಲ್ಲವಲ್ಲ, ನಿಲ್ಲುವುದೇನು?

ದಯವಿಟ್ಟು ಇವತ್ತೇ ಹೇಳಿ.

ತತ್ಸಮ:
ಶಿಶ್ನೋತ್ಥಾನ ದೌರ್ಬಲ್ಯ. ಅರ್ಥ ಖಚಿತವಾಗಿದೆ, ಯಾರಿಗೂ ಅವಮಾನವಿಲ್ಲ. ಎರಡನೆಯದಕ್ಕೆ ಪುಂಸ್ತ್ವಹ್ರಾಸ.

ಹಳೆಬೇರು:
ಎರಡೂ ಬೇಡ. ಓದಿದ ತಕ್ಷಣ ತಿಳಿಯದ ಪದ ಪುಸ್ತಿಕೆಗೆ ಯಾಕೆ?

ಕನ್ನಡದಲ್ಲಿ ‘ನಿಮಿರು’ ಇದೆ. ಹಳಗನ್ನಡದಲ್ಲಿ ನಿಮಿರ್, ತಮಿಳಿನಲ್ಲೂ ನಿಮಿರ್. ನೆಟ್ಟಗಾಗು, ಸೆಟೆದು ನಿಲ್ಲು ಎಂಬ ಅರ್ಥ. ಕಿವಿ ನಿಮಿರುತ್ತದೆ, ಕೂದಲು ನಿಮಿರುತ್ತದೆ. ನಾಚಿಕೆಯೂ ಇಲ್ಲ, ಬಣ್ಣವೂ ಇಲ್ಲ. ಅದಕ್ಕೆ ‘ಕುಂದು’ ಸೇರಿಸಿ: ನಿಮಿರುಕುಂದು.

‘ನಪುಂಸಕ’ದ ಬೇರು ನೋಡಿದರೆ ಅದು ಯಾಕೆ ಸಲ್ಲದು ಅಂತ ಗೊತ್ತಾಗುತ್ತದೆ. ನ ಪುಂಸಕ, ಅಂದರೆ ಗಂಡಲ್ಲದ್ದು. ವ್ಯಾಕರಣದಲ್ಲಿ ಕಲ್ಲು, ಮರ, ನೀರು ನಪುಂಸಕಲಿಂಗ. ಒಂದು ಅಂಗ ಸರಿಯಾಗಿ ಕೆಲಸ ಮಾಡದಿದ್ದರೆ ಇಡೀ ಮನುಷ್ಯನನ್ನು ಕಲ್ಲುಮರದ ಸಾಲಿಗೆ ಸೇರಿಸುವ ಪದ ಇದು. ಕಣ್ಣು ಮಂಜಾದವನನ್ನು ಹೀಗೆ ಮನುಷ್ಯನೇ ಅಲ್ಲ ಅನ್ನುತ್ತೇವೆಯೇ?

ಆಂಡ್ರೋಪಾಸ್‌ಗೆ ‘ಗಂಡುಮುಪ್ಪು’ ಸಾಕು. ಮುದು, ಮುದುಕ, ಮುಪ್ಪು, ಎಲ್ಲ ಒಂದೇ ಬೇರಿನವು.

ತತ್ಸಮ:
‘ನಿಮಿರುಕುಂದು’ ಯಾರ ಬಾಯಲ್ಲೂ ಇಲ್ಲ. ನೀವೇ ಹೊಲಿದ ಪದಕ್ಕೆ ಹಳಗನ್ನಡದ ಅಂಚು ಹಚ್ಚಿದ ಮಾತ್ರಕ್ಕೆ ಅದು ಜನರ ಪದ ಆಗುವುದಿಲ್ಲ. ಇನ್ನು ಗಂಡುಮುಪ್ಪು. ಅದು ಗಂಡಸಿಗೆ ಬರುವ ಮುಪ್ಪು ಅಷ್ಟೇ. ತಲೆ ನೆರೆಯುವುದೂ ಅದರಲ್ಲೇ ಬಂತು.

ಹಳೆಬೇರು:
ಶಿಶ್ನೋತ್ಥಾನ ಯಾರ ಬಾಯಲ್ಲಿದೆ?

ಡಾಕ್ಟರಮ್ಮ:
ಪದಕ್ಕೆ ಮೊದಲು ವಿಷಯ ಬಿಡಿಸಿಕೊಳ್ಳೋಣ. ಇಲ್ಲದಿದ್ದರೆ ಯಾವ ಪದ ಹಾಕಿದರೂ ತಪ್ಪೇ ಆಗುತ್ತದೆ.

ಅನುವಾದಕಿಯವರ ಸಂಕಟ ಇಂಗ್ಲಿಷಿಗೂ ಇತ್ತು. ಅಲ್ಲಿ ಮೊದಲು ‘ಇಂಪೊಟೆನ್ಸ್’ ಅನ್ನುತ್ತಿದ್ದರು. ಶಕ್ತಿಯೇ ಇಲ್ಲದವನು ಎಂಬ ಅರ್ಥ. 1992ರ ಡಿಸೆಂಬರಿನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತಜ್ಞರ ಸಭೆ ಕರೆಯಿತು. ಆ ಪದ ಕೀಳಾಗಿ ಕಾಣಿಸುತ್ತದೆ, ಅರ್ಥವೂ ಸ್ಪಷ್ಟವಿಲ್ಲ ಎಂದು ಸಭೆ ಹೇಳಿತು. ‘ಇರೆಕ್ಟೈಲ್ ಡಿಸ್ಫಂಕ್ಷನ್’ ಬಳಸಿ ಎಂದು ಸೂಚಿಸಿತು. ಸಂಭೋಗಕ್ಕೆ ಸಾಕಾಗುವಷ್ಟು ನಿಮಿರುವಿಕೆ ಬರದಿರುವುದು, ಅಥವಾ ಬಂದರೂ ನಿಲ್ಲದಿರುವುದು, ಅದೂ ಒಂದೆರಡು ಸಲವಲ್ಲ, ಪದೇ ಪದೇ. ಇಷ್ಟೇ ಅದರ ಅರ್ಥ.

ಈಗ ‘ನಪುಂಸಕತೆ’ಯನ್ನು ನೋಡಿ. ಆಸೆ ಕಡಿಮೆಯಾದರೂ ಅದೇ ಪದ. ನಿಮಿರದಿದ್ದರೂ ಅದೇ. ಮಕ್ಕಳಾಗದಿದ್ದರೂ ಅದೇ. ಇವು ಬೇರೆ ಬೇರೆ ಸಂಗತಿಗಳು. ವಯಸ್ಸು ಒಂದೊಂದನ್ನೂ ಒಂದೊಂದು ರೀತಿ ಮುಟ್ಟುತ್ತದೆ.

ಆಸೆ ನಿಧಾನವಾಗಿ ತಗ್ಗಬಹುದು, ಕೆಲವರಲ್ಲಿ ಎಪ್ಪತ್ತಾದರೂ ತಗ್ಗದಿರಬಹುದು. ನಿಮಿರಲು ಹೆಚ್ಚು ಹೊತ್ತು ಬೇಕಾಗುತ್ತದೆ. ಮನಸ್ಸಿನಲ್ಲಿ ನೆನೆದರೆ ಸಾಲದು, ಕೈಯ ಸ್ಪರ್ಶ ಬೇಕಾಗುತ್ತದೆ. ಮೊದಲಿನಷ್ಟು ಗಟ್ಟಿ ಇರುವುದಿಲ್ಲ. ವೀರ್ಯದ ಪ್ರಮಾಣ, ಚಿಮ್ಮುವ ರಭಸ ಎರಡೂ ಕಡಿಮೆಯಾಗುತ್ತವೆ. ಒಂದು ಸಲ ಆದ ಮೇಲೆ ಮತ್ತೆ ಸಿದ್ಧವಾಗಲು ಹದಿಹರೆಯದಲ್ಲಿ ಕೆಲವು ನಿಮಿಷ ಸಾಕಿತ್ತು, ಮುಂದೆ ಕೆಲವು ಗಂಟೆ, ಒಂದು ದಿನವೂ ಬೇಕಾಗಬಹುದು. ಇವೆಲ್ಲ ಕಾಯಿಲೆಯಲ್ಲ. ಮಕ್ಕಳಾಗುವ ಶಕ್ತಿ ಇಳಿಯುತ್ತದೆ, ಆದರೆ ಹೆಂಗಸರಲ್ಲಿ ಆಗುವ ಹಾಗೆ ಪೂರ್ತಿ ನಿಲ್ಲುವುದಿಲ್ಲ.

ಎಷ್ಟು ಜನರಿಗೆ ಈ ತೊಂದರೆ ಇದೆ ಅಂತಲೂ ಪುಸ್ತಿಕೆಯಲ್ಲಿ ಹಾಕಿ. ಅಮೆರಿಕದ ಮ್ಯಾಸಚುಸೆಟ್ಸ್‌ನಲ್ಲಿ 40ರಿಂದ 70 ವರ್ಷದ ಗಂಡಸರನ್ನು ಕೇಳಿ ನಡೆಸಿದ ಒಂದು ದೊಡ್ಡ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಅದರಲ್ಲಿ ಶೇ. 52 ಜನರಿಗೆ ಒಂದಲ್ಲ ಒಂದು ಮಟ್ಟದ ನಿಮಿರು ತೊಂದರೆ ಇತ್ತು. ನಿಮಿರುವುದೇ ಇಲ್ಲದವರು ಸುಮಾರು ಶೇ. 10 ಮಾತ್ರ. ಅರ್ಧಕ್ಕಿಂತ ಜಾಸ್ತಿ ಗಂಡಸರನ್ನು ‘ನಪುಂಸಕರು’ ಅನ್ನುವ ಪದ ಪದವೇ ಅಲ್ಲ.

ತತ್ಸಮ:
ಹಾಗಾದರೆ ‘ಉದ್ರೇಕ’ ಇದೆಯಲ್ಲ? ಎಲ್ಲರಿಗೂ ಗೊತ್ತಿರುವ ಪದ. ಉದ್ರೇಕ ದೋಷ ಎನ್ನಿ.

ಡಾಕ್ಟರಮ್ಮ:
ಅದೂ ಆಗದು ಸರ್. ಉದ್ರೇಕ ಮನಸ್ಸಿಗೂ ಬರುತ್ತದೆ, ಮೈಗೂ ಬರುತ್ತದೆ. ನಮಗೆ ಮೈಯದು ಮಾತ್ರ ಬೇಕು. ವಯಾಗ್ರ ಅಮೆರಿಕದಲ್ಲಿ 1998ರ ಮಾರ್ಚಿನಲ್ಲಿ ಒಪ್ಪಿಗೆ ಪಡೆಯಿತು. ಅಂದಿನಿಂದ ಅದನ್ನು ‘ಉದ್ರೇಕದ ಮಾತ್ರೆ’ ಅನ್ನುವವರಿದ್ದಾರೆ. ಆ ಮಾತ್ರೆ ಆಸೆ ಹುಟ್ಟಿಸುವುದಿಲ್ಲ. ಆಸೆ ಇದ್ದು, ಸ್ಪರ್ಶ ಇದ್ದಾಗ ರಕ್ತ ಹರಿಯಲು ನೆರವಾಗುತ್ತದೆ, ಅಷ್ಟೇ. ಹೆಸರು ನಂಬಿ ನುಂಗಿ, ಸುಮ್ನೆ ಕಾದು ಕುಳಿತು, ‘ನನಗೆ ಇದೂ ಕೆಲಸ ಮಾಡಲಿಲ್ಲ’ ಎಂದು ಎದೆಗುಂದಿದವರನ್ನು ನೋಡಿದ್ದೇನೆ. ಪದ ತಪ್ಪಾದರೆ ಹೀಗೂ ಆಗುತ್ತದೆ.

‘ನರದೌರ್ಬಲ್ಯ’ವೂ ಬೇಡ. ನರ ಒಂದು ಕಾರಣ ಹೌದು, ಆದರೆ ವಯಸ್ಸಾದವರಲ್ಲಿ ಹೆಚ್ಚಾಗಿ ತೊಂದರೆ ಇರುವುದು ರಕ್ತನಾಳದಲ್ಲಿ. ಶಿಶ್ನಕ್ಕೆ ಹೋಗುವ ರಕ್ತನಾಳಗಳು 1ರಿಂದ 2 ಮಿಲಿಮೀಟರ್ ಅಗಲ. ಹೃದಯದವು 3ರಿಂದ 4. ಕೊಬ್ಬು ಕಟ್ಟಿದರೆ ಸಣ್ಣದರಲ್ಲಿ ಮೊದಲು ಗೊತ್ತಾಗುತ್ತದೆ. ಹಾಗಾಗಿ ನಿಮಿರು ತೊಂದರೆ ಕೆಲವರಲ್ಲಿ ಹೃದಯದ ಕಾಯಿಲೆಗೆ ಎರಡು ಮೂರು ವರ್ಷ ಮೊದಲೇ ಬರುವ ಎಚ್ಚರಿಕೆ. ಸಕ್ಕರೆ ಕಾಯಿಲೆ, ಬಿಪಿ, ಸಿಗರೇಟು, ಬಿಪಿಗೂ ಖಿನ್ನತೆಗೂ ಕೊಡುವ ಕೆಲವು ಮಾತ್ರೆಗಳು, ಎಲ್ಲ ಇದರ ಹಿಂದೆ ಇರಬಹುದು. ‘ನರ ವೀಕು’ ಅಂದುಕೊಂಡು ಟಾನಿಕ್ ಕುಡಿಯುವವನು ಹೃದಯದ ತಪಾಸಣೆಗೆ ಹೋಗುವುದಿಲ್ಲ.

ಅರವತ್ತೆಂಟು:
ನಾನು ಇಲ್ಲಿ ಓದುವವನೇ ಹೊರತು ಬರೆಯುವವನಲ್ಲ. ಇವತ್ತು ಬರೆಯಬೇಕು ಅನ್ನಿಸಿತು, ಯಾಕೆಂದರೆ ಈ ಪುಸ್ತಿಕೆ ಓದಬೇಕಾದವನು ನಾನೇ.

ನನಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಯಿತು. ಈ ತೊಂದರೆ ಶುರುವಾದಾಗ ಡಾಕ್ಟರ ಮುಂದೆ ಕುಳಿತು ಹೇಳಲು ನನ್ನಲ್ಲಿ ಪದವೇ ಇರಲಿಲ್ಲ. ‘ನಪುಂಸಕ’ ಎಂದು ನನ್ನ ಬಾಯಿಂದಲೇ ನನ್ನನ್ನು ಕರೆದುಕೊಳ್ಳಲು ಆಗಲಿಲ್ಲ. ಶಿಶ್ನೋತ್ಥಾನ ನನಗೆ ಬರುತ್ತಿರಲಿಲ್ಲ. ‘ಆಗ್ತಾ ಇಲ್ಲ’ ಅಂದೆ. ಅವರು ಮೂತ್ರ ಅಂದುಕೊಂಡು ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿಗೆ ಮಾತ್ರೆ ಬರೆದರು. ಎಷ್ಟೋ ಕಾಲ ಹಾಗೇ ಕಳೆಯಿತು.

ಆದ್ದರಿಂದ ಪದದ ಬೇರು ಯಾವುದಾದರೂ ಇರಲಿ. ನನ್ನಂಥವನು ಡಾಕ್ಟರ ಹತ್ತಿರ, ಹೆಂಡತಿಯ ಹತ್ತಿರ ತಲೆ ತಗ್ಗಿಸದೆ ಹೇಳಬಲ್ಲ ಪದ ಕೊಡಿ. ‘ನಿಮಿರು ತೊಂದರೆ’ ಎಂದು ಡಾಕ್ಟರಮ್ಮ ಮಾತಿನ ನಡುವೆ ಎರಡು ಮೂರು ಸಲ ಬಳಸಿದರು. ಅದನ್ನು ನಾನು ಹೇಳಬಲ್ಲೆ.

ಹಳೆಬೇರು:
ಸರ್, ನೀವು ಬರೆದದ್ದು ಒಳ್ಳೆಯದಾಯಿತು. ‘ನಿಮಿರು ತೊಂದರೆ’ಗೆ ನನ್ನ ಒಪ್ಪಿಗೆ ಇದೆ. ‘ಕುಂದು’ ಅಂದರೆ ಕೊರತೆ, ಅದು ಮತ್ತೆ ಮನುಷ್ಯನ ಮೇಲೆ ಬೀಳುತ್ತದೆ. ‘ತೊಂದರೆ’ ಬಂದು ಹೋಗುವಂಥದ್ದು.

ಆದರೆ ಪುಸ್ತಿಕೆಯ ಉಳಿದ ಭಾಗದಲ್ಲೂ ಇದೇ ಹಾದಿ ಹಿಡಿಯಬೇಕು. ಪ್ರಾಸ್ಟೇಟ್, ಹಾರ್ಮೋನು, ಗಂಡಸರ ಹಾರ್ಮೋನಾದ ಟೆಸ್ಟೋಸ್ಟಿರೋನ್ ಎಲ್ಲ ಯಾಕೆ ಹಾಗೇ ಬಿಡಬೇಕು?

ತತ್ಸಮ:
ಶುರುವಾಯಿತು. ಹಾರ್ಮೋನಿಗೆ ‘ಚೋದಕ’ ಎಂಬ ಪದ ಇದೆ, ಅದನ್ನು ನೀವು ಸಂಸ್ಕೃತ ಎಂದು ತಳ್ಳುತ್ತೀರಿ. ಗ್ರೀಕಿನಿಂದ ಬಂದ ಹಾರ್ಮೋನನ್ನು ಇಂಗ್ಲಿಷ್ ಎಂದು ತಳ್ಳುತ್ತೀರಿ. ಸಾವಿರ ವರ್ಷದಿಂದ ಕನ್ನಡ ಸಂಸ್ಕೃತದಿಂದ, ಪ್ರಾಕೃತದಿಂದ, ಪಾರ್ಸಿಯಿಂದ ಪದ ತೆಗೆದುಕೊಂಡೇ ಬೆಳೆದಿದೆ. ‘ತಪಾಸಣೆ’ ಎಲ್ಲಿಂದ ಬಂತು, ‘ಕಾಯಿಲೆ’ ಎಲ್ಲಿಂದ ಬಂತು ಹೇಳಿ. ಎಲ್ಲವನ್ನೂ ಹೊರಗಟ್ಟಿದರೆ ರೋಗಿ ಡಾಕ್ಟರ ಹತ್ತಿರ ಮಾತಾಡುವುದು ಹೇಗೆ?

ಹಳೆಬೇರು:
ನಾನು ಹೊರಗಟ್ಟಿ ಅಂದದ್ದು ಬಂದು ನೆಲೆಯಾದ ಪದಗಳನ್ನಲ್ಲ. ಇರುವ ಪದ ಮರೆತು ಎರವಲು ತರುವುದನ್ನು. ನಿಮಿರು ಇರುವಾಗ ಉತ್ಥಾನ ಯಾಕೆ ಅನ್ನುವುದೇ ನನ್ನ ವಾದ. ಅದಕ್ಕೆ ನೀವು ಉತ್ತರ ಕೊಟ್ಟಿಲ್ಲ.

ಡಾಕ್ಟರಮ್ಮ:
ಟೆಸ್ಟೋಸ್ಟಿರೋನ್ ಹಾಗೇ ಇರಲಿ. ರಕ್ತ ಪರೀಕ್ಷೆಯ ಚೀಟಿಯಲ್ಲಿ ಇರುವುದು ಅದೇ ಪದ. ಕನ್ನಡದಲ್ಲಿ ಬೇರೆ ಹೆಸರು ಕೊಟ್ಟರೆ ಓದುಗರು ಎರಡನ್ನೂ ಹೊಂದಿಸಲಾರರು. ಪ್ರಾಸ್ಟೇಟೂ ಹಾಗೇ.

ಆಂಡ್ರೋಪಾಸ್ ಬಗ್ಗೆ ನನ್ನ ಮಾತು ಬೇರೆ. ಅದಕ್ಕೆ ಕನ್ನಡ ಪದ ಹುಡುಕಲೇಬೇಡಿ. ಮುಟ್ಟು ನಿಲ್ಲುವಾಗ ಹೆಂಗಸರ ಹಾರ್ಮೋನು ಕೆಲವು ವರ್ಷದಲ್ಲಿ ಕುಸಿಯುತ್ತದೆ. ಗಂಡಸರ ಟೆಸ್ಟೋಸ್ಟಿರೋನ್ ಮೂವತ್ತು ನಲವತ್ತರ ನಂತರ ವರ್ಷಕ್ಕೆ ಸುಮಾರು ಶೇ. 1ರಷ್ಟು ಇಳಿಯುತ್ತದೆ. ಇಲ್ಲಿ ನಿಲ್ಲುವಂಥದ್ದು ಏನೂ ಇಲ್ಲ. ಯುರೋಪಿನಲ್ಲಿ 40ರಿಂದ 79 ವರ್ಷದವರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಟೆಸ್ಟೋಸ್ಟಿರೋನ್ ಕಡಿಮೆ ಇದ್ದು ಅದಕ್ಕೆ ತಕ್ಕ ಲೈಂಗಿಕ ಲಕ್ಷಣಗಳೂ ಇದ್ದವರು ಶೇ. 2ರ ಸುಮಾರು. ಪದ ಕೊಟ್ಟರೆ ಎಲ್ಲ ಗಂಡಸರಿಗೂ ಬರುವ ಒಂದು ಘಟ್ಟ ಎಂಬ ಭಾವನೆ ಬರುತ್ತದೆ. ‘ವಯಸ್ಸಿನೊಂದಿಗೆ ಟೆಸ್ಟೋಸ್ಟಿರೋನ್ ಇಳಿಯುವುದು’ ಎಂದು ವಾಕ್ಯದಲ್ಲೇ ಬರೆಯಿರಿ. ಪರೀಕ್ಷೆ ಬೆಳಗಿನ ಹೊತ್ತು ಮಾಡಿಸಬೇಕು, ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ಮಾಡಿಸಬೇಕು ಎನ್ನುವುದನ್ನೂ ಸೇರಿಸಿ.

ತತ್ಸಮ:
ಪದವೇ ಬೇಡ ಅನ್ನುವುದು ಪದಚರ್ಚೆಯಲ್ಲಿ ಉತ್ತರವಲ್ಲ. ಇರಲಿ, ಈ ಸಲ ಒಪ್ಪುತ್ತೇನೆ. ‘ಪುರುಷ ಋತುಬಂಧ’ಕ್ಕಿಂತ ಸಾವಿರ ಪಾಲು ಮೇಲು.

ಅನುವಾದಕಿ:
ಎಲ್ಲರಿಗೂ ಕೃತಜ್ಞತೆ. ತಲೆಬರಹ ಹೀಗೆ ಮಾಡಿದ್ದೇನೆ: ‘ವಯಸ್ಸು ಮತ್ತು ನಿಮಿರು ತೊಂದರೆ: ನಾಚಿಕೆ ಬೇಡ, ಡಾಕ್ಟರಿಗೆ ಹೇಳಿ’. ಒಳಗೆ ಆಸೆ, ನಿಮಿರುವಿಕೆ, ವೀರ್ಯ ಹೋಗುವುದು, ಮಕ್ಕಳಾಗುವುದು ಎಂದು ಬೇರೆ ಬೇರೆ ಭಾಗ ಮಾಡಿದ್ದೇನೆ. ‘ನಪುಂಸಕತೆ’ ಒಂದು ಕಡೆಯೂ ಇಲ್ಲ. ಅರವತ್ತೆಂಟು ಸರ್, ‘ಡಾಕ್ಟರಿಗೆ ಏನೆಂದು ಹೇಳಬೇಕು’ ಎಂಬ ಪುಟ ನಿಮ್ಮ ಪತ್ರ ಓದಿದ ಮೇಲೆ ಸೇರಿಸಿದ್ದು. ‘ನನಗೆ ನಿಮಿರು ತೊಂದರೆ ಇದೆ’ ಎಂಬ ವಾಕ್ಯವನ್ನೇ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ.

ಒಂದು ಉಳಿಯಿತು. ಮೂಲದಲ್ಲಿ ವಯಾಗ್ರದ ಬಗ್ಗೆ ‘ನೈಟ್ರೇಟ್ ತೆಗೆದುಕೊಳ್ಳುವವರು ಈ ಮಾತ್ರೆ ಬಳಸಬಾರದು’ ಎಂದಿದೆ. ನೈಟ್ರೇಟ್ ಹಾಗೇ ಬಿಡಲೇ?

ಹಳೆಬೇರು:
ಬಿಡಬೇಡಿ. ಕನ್ನಡ ಮಾಡಿ.

ಡಾಕ್ಟರಮ್ಮ:
ಎರಡೂ ಬೇಕು. ‘ಎದೆನೋವಿಗೆ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ ಅಥವಾ ಬೇರೆ ಯಾವುದೇ ನೈಟ್ರೇಟ್ ಔಷಧ ತೆಗೆದುಕೊಳ್ಳುವವರು ಇದನ್ನು ಬಳಸಲೇಬಾರದು, ಬಿಪಿ ಒಮ್ಮೆಗೇ ಕುಸಿದು ಜೀವಕ್ಕೆ ಅಪಾಯ’ ಎಂದು ಬರೆಯಿರಿ. ಪ್ರಾಸ್ಟೇಟಿನ ಕೆಲವು ಮಾತ್ರೆಗಳ ಜೊತೆಯೂ ಬಿಪಿ ಇಳಿಯಬಹುದು, ಅದನ್ನೂ ಡಾಕ್ಟರಿಗೆ ಮೊದಲೇ ಹೇಳಬೇಕು ಎಂದು ಕೆಳಗೆ ಸೇರಿಸಿ. ಈ ಎರಡು ಸಾಲಿಗೆ ಜಾಗ ಸಾಲದಿದ್ದರೆ ಬೇರೇನಾದರೂ ತೆಗೆಯಿರಿ, ಇದನ್ನಲ್ಲ.