ತಾತನ ಹಿಂದೆ ಕಾಣುವ ನೀರು ಧರ್ಮಾಂಬುಧಿಯದೇ?

ಶಿಡ್ಲಘಟ್ಟದವನು:

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಶಿಡ್ಲಘಟ್ಟದ ನಮ್ಮ ಹಳೆಯ ಮನೆಯ ಅಟ್ಟವನ್ನು ಬರಿದು ಮಾಡುವಾಗ ಅಜ್ಜಿಯ ಟ್ರಂಕಿನಲ್ಲಿ, ಸೀರೆಯ ಮಡಿಕೆಗಳ ನಡುವೆ, ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಅದರಲ್ಲಿ ಹತ್ತೊಂಬತ್ತು ಹಳೆಯ ಚಿತ್ರಗಳಿವೆ. ನನ್ನ ತಾತ ರೇಷ್ಮೆ ವ್ಯಾಪಾರಿಯೊಬ್ಬರ ಬಳಿ ಗುಮಾಸ್ತರಾಗಿದ್ದರು; ನೂಲಿನ ಗಂಟು ಹೊತ್ತು ಸಣ್ಣ ರೈಲು ಹತ್ತಿ ಬೆಂಗಳೂರಿನ ಚಿಕ್ಕಪೇಟೆಗೆ ಹೋಗಿಬರುತ್ತಿದ್ದರು. ಹಾಗಾಗಿ ಈ ಚಿತ್ರಗಳೆಲ್ಲ ಬೆಂಗಳೂರಿನವು ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದಾರೆ.

ನನ್ನನ್ನು ಕಾಡುತ್ತಿರುವುದು ಮುಖ್ಯವಾಗಿ ಒಂದು ಚಿತ್ರ. ಎರಡೂಕಾಲು ಅಂಗುಲಕ್ಕೆ ಮೂರೂಕಾಲು ಅಂಗುಲದ ಸಣ್ಣ ಪ್ರತಿ. ಮುಚ್ಚುಗೊರಳಿನ ಕೋಟು, ಕಚ್ಚೆಪಂಚೆ, ಪೇಟ ತೊಟ್ಟ ತಾತ ಒಂದು ಏರಿಯ ಮೇಲೆ ಬಿಸಿಲಿಗೆ ಕಣ್ಣು ಕಿರಿದುಮಾಡಿ ನಿಂತಿದ್ದಾರೆ. ಹಿಂದೆ ತುಂಬಿದ ನೀರು. ಎಡಗಡೆಗೆ ದೂರದಲ್ಲಿ ಚಿಕ್ಕ ಗುಡಿಯಂಥದೇನೋ ಇದೆ. ಬಲಗಡೆಗೆ ಹೊಗೆಯ ಗೆರೆಯೊಂದು ಮೇಲೇಳುತ್ತಿದೆ. ಹಿಂಬದಿಯಲ್ಲಿ ನೀಲಿ ಬಾಲ್‌ಪೆನ್ನಿನಲ್ಲಿ ‘ಧರ್ಮಾಂಬುಧಿ ಕೆರೆ, ಬೆಂಗಳೂರು, 1931’ ಎಂದು ಬರೆದಿದೆ. ಈಗಿನ ಮೆಜೆಸ್ಟಿಕ್ ಬಸ್ ನಿಲ್ದಾಣವೇ ಹಿಂದಿನ ಧರ್ಮಾಂಬುಧಿ ಎಂದು ಓದಿದ್ದೇನೆ. ಆದರೆ ರೈಲು ನಿಲ್ದಾಣ ಇರುವ ದಿಕ್ಕಿಗೂ ಚಿತ್ರದಲ್ಲಿ ಹೊಗೆ ಕಾಣುವ ದಿಕ್ಕಿಗೂ ತಾಳೆಯಾಗುತ್ತಿಲ್ಲ.

ಉಳಿದವುಗಳಲ್ಲಿ ಒಂದು, ವೃತ್ತವೊಂದರ ನಡುವಿನ ಎತ್ತರದ ಕಲ್ಲಿನ ಸ್ಮಾರಕ ಕಂಬ. ಅದರ ಹಿಂದೆ ಒಂದು ಕೆಂಪು ಚರ್ಚಿನ ಹಾಗೆ ತೋರುವ ಕಟ್ಟಡವಿದೆ (ಕೆಂಪು ಎಂಬುದು ನನ್ನ ಊಹೆ, ಚಿತ್ರ ಕಪ್ಪು ಬಿಳುಪಿನದು). ಇನ್ನೊಂದು, ಅಂಗಡಿ ಬೀದಿ. ಅಲ್ಲಿ ಗೋಡೆಯ ಮೇಲೆ ಹರಿದ ಸಿನಿಮಾ ಭಿತ್ತಿಪತ್ರವಿದ್ದು, ‘ಣ್ಣಪ್ಪ’ ಎಂಬ ಅಕ್ಷರಗಳಷ್ಟೇ ಓದಲು ಬರುತ್ತವೆ. ಮತ್ತೊಂದು ಕೋಟೆಯ ಚಿತ್ರವಿದ್ದು, ಅದರ ಮುಂದೆ ಸಿಪಾಯಿಗಳು ನಿಂತಿದ್ದಾರೆ. ಇವುಗಳ ಸ್ಥಳವನ್ನೂ ಕಾಲವನ್ನೂ ತಿಳಿಯುವ ದಾರಿಯನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಮುಳಬಾಗಿಲಿನ ಡ್ರಾಯಿಂಗ್ ಮೇಷ್ಟ್ರು:

ನಿಮ್ಮ ಪ್ರಶ್ನೆಯಲ್ಲಿಯೇ ಮೊದಲ ಉತ್ತರವಿದೆ. ಬಾಲ್‌ಪೆನ್ನು ಮಾರುಕಟ್ಟೆಗೆ ಬಂದದ್ದೇ 1945ರ ಸುಮಾರಿಗೆ. ಆದ್ದರಿಂದ 1931 ಎಂದು ಬರೆದ ಕೈ 1931ರದ್ದಲ್ಲ. ಎಷ್ಟೋ ವರ್ಷಗಳ ಮೇಲೆ ಯಾರೋ ನೆನಪಿನಿಂದಲೋ ಕೇಳಿದ ಮಾತಿನಿಂದಲೋ ಬರೆದದ್ದು. ಬರೆದದ್ದೆಲ್ಲ ಸುಳ್ಳೆಂದು ನಾನು ಹೇಳುತ್ತಿಲ್ಲ, ಆದರೆ ಅದನ್ನು ಚಿತ್ರದ ಸಾಕ್ಷ್ಯವೆಂದು ತೆಗೆದುಕೊಳ್ಳಬೇಡಿ. ಅದು ಬೇರೊಬ್ಬರ ಹೇಳಿಕೆ, ಅದನ್ನು ಬೇರೆಯಾಗಿಯೇ ವಿಚಾರಿಸಬೇಕು.

ಎರಡನೆಯದಾಗಿ, ‘ಯಾವ ವರ್ಷ’ ಎಂದು ಕೇಳುವ ಅಭ್ಯಾಸವನ್ನು ಬಿಟ್ಟು ‘ಯಾವುದಕ್ಕಿಂತ ಈಚೆ, ಯಾವುದಕ್ಕಿಂತ ಆಚೆ’ ಎಂದು ಕೇಳಿಕೊಳ್ಳಿ. ನಿಮ್ಮ ಕಲ್ಲಿನ ಕಂಬ ಬಹುಶಃ ಹಡ್ಸನ್ ವೃತ್ತದಲ್ಲಿದ್ದ ಸ್ಮಾರಕ. 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಬೆಂಗಳೂರನ್ನು ಮುತ್ತಿದಾಗ ಸತ್ತ ಇಂಗ್ಲಿಷರ ನೆನಪಿಗೆ ನಿಲ್ಲಿಸಿದ್ದ ಅದನ್ನು 1964ರಲ್ಲಿ ಕೆಡವಿದರು. ಹಿಂದಿರುವ ಚರ್ಚು ಹಡ್ಸನ್ ಚರ್ಚೇ ಆಗಿದ್ದರೆ ಅದು ಎದ್ದದ್ದು 1904ರಲ್ಲಿ. ಅಂದರೆ ಈ ಚಿತ್ರಕ್ಕೆ ಅರವತ್ತು ವರ್ಷಗಳ ಕಿಂಡಿ ಸಿಕ್ಕಿತು. ರಸ್ತೆಯಲ್ಲಿ ವಿದ್ಯುತ್ ಕಂಬವೇನಾದರೂ ಕಂಡರೆ 1905ರ ಆಗಸ್ಟಿಗಿಂತ ಈಚಿನದು ಎಂದಾಗುತ್ತದೆ. (ನಮ್ಮ ಕೋಲಾರದ ಚಿನ್ನದ ಗಣಿಗೆ ಶಿವನಸಮುದ್ರದ ಕರೆಂಟು 1902ರಲ್ಲಿಯೇ ಬಂದಿತ್ತು; ಬೆಂಗಳೂರು ನಮಗಿಂತ ಮೂರು ವರ್ಷ ಹಿಂದೆ ಎಂಬ ಸಣ್ಣ ಹೆಮ್ಮೆಯನ್ನು ನಮಗೆ ಬಿಟ್ಟುಕೊಡಿ. ಗಣಿ ಊರಿನ ಬೀದಿಯೊಂದನ್ನು ಕಂಬದ ಆಧಾರದ ಮೇಲೆ ಬೆಂಗಳೂರೆಂದು ತಿಳಿದವರನ್ನು ನಾನು ನೋಡಿದ್ದೇನೆ.) ಮೋಟಾರು ಗಾಡಿಯ ನಂಬರು ಕಂಡರೆ ಅದನ್ನೂ ಗುರುತಿಸಿಕೊಳ್ಳಿ.

‘ಣ್ಣಪ್ಪ’ ಎಂಬುದು ‘ಬೇಡರ ಕಣ್ಣಪ್ಪ’ ಆಗಿದ್ದರೆ ಆ ಚಿತ್ರ ತೆರೆಕಂಡದ್ದು 1954ರಲ್ಲಿ. ಒಳ್ಳೆಯ ಚಿತ್ರಗಳು ಮತ್ತೆ ಮತ್ತೆ ಬರುತ್ತಿದ್ದುದರಿಂದ ಇದು ಕೆಳಗಿನ ಗಡಿಯನ್ನು ಮಾತ್ರ ಹೇಳುತ್ತದೆ. ಕೋಟೆಯ ಚಿತ್ರದಲ್ಲಿ ಸಿಪಾಯಿಗಳ ಉಡುಪು ಹದಿನೆಂಟನೆಯ ಶತಮಾನದ್ದಾಗಿದ್ದರೆ ಅದು ಛಾಯಾಚಿತ್ರವೇ ಅಲ್ಲ, ಏಕೆಂದರೆ ಛಾಯಾಗ್ರಹಣ ಲೋಕಕ್ಕೆ ತಿಳಿದದ್ದು 1839ರಲ್ಲಿ. ಕಾರ್ನ್‌ವಾಲಿಸನ ಸೇನೆಯ ಜತೆ ಬಂದಿದ್ದ ರಾಬರ್ಟ್ ಹೋಮ್ ಮೊದಲಾದ ಕಲಾವಿದರು ಬರೆದ ಚಿತ್ರಗಳ ಅಚ್ಚುಪ್ರತಿಯನ್ನು ಯಾರೋ ಕ್ಯಾಲೆಂಡರಿನಿಂದ ಕತ್ತರಿಸಿ ಇಟ್ಟಿರಬೇಕು.

ಕೆರೆಯ ವಿಚಾರಕ್ಕೆ ಬರುತ್ತೇನೆ. ಧರ್ಮಾಂಬುಧಿ ಪೇಟೆಗೆ ನೀರುಣಿಸುತ್ತಿದ್ದ ಕೆರೆ. 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಕೊಳವೆಯಲ್ಲಿ ನೀರು ಬಂದ ಮೇಲೆ ಊರ ಕೆರೆಗಳನ್ನು ಕೇಳುವವರಿಲ್ಲವಾಯಿತು. ನೀರು ಹರಿದುಬರುವ ಕಾಲುವೆಗಳ ಮೇಲೆ ಹಳಿಗಳೂ ಬಡಾವಣೆಗಳೂ ಬಂದವು. ಕೆರೆಯಂಗಳ ಮೈದಾನವಾಯಿತು, ಸಭೆಗಳ ಸ್ಥಳವಾಯಿತು, ಸುಭಾಷ್ ನಗರವೆಂಬ ಹೆಸರು ಪಡೆಯಿತು, ಕೊನೆಗೆ ಬಸ್ಸುಗಳು ಬಂದು ನಿಂತವು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದದ್ದೂ ಇದೇ ಕಥೆಯೇ, ಆದರೂ ಅಲ್ಲಿ ಕರಗದವರಿಗಾಗಿ ಒಂದು ಚಿಕ್ಕ ಕೊಳವಾದರೂ ಉಳಿದಿದೆ. ಧರ್ಮಾಂಬುಧಿಯ ಗುರುತಾಗಿ ಉಳಿದಿರುವುದು ದಡದ ಅಣ್ಣಮ್ಮ ದೇವಿಯ ಗುಡಿ ಮತ್ತು ‘ಟ್ಯಾಂಕ್ ಬಂಡ್ ರಸ್ತೆ’ ಎಂಬ ಹೆಸರು. ಕಟ್ಟಡಗಳನ್ನು ನಂಬಬೇಡಿ, ಅವು ಹೋಗುತ್ತವೆ. ಗುಡಿ, ಬಂಡೆ, ಏರಿ, ಹಳಿ ಇವುಗಳನ್ನು ಹಿಡಿದುಕೊಂಡು ಹುಡುಕಿ. ಹೊಗೆಯನ್ನಂತೂ ನಂಬಲೇಬೇಡಿ, ಅದು ರೈಲಿನದಿರಬಹುದು, ಗಿರಣಿಯದಿರಬಹುದು, ಸೌದೆಯೊಲೆಯದೂ ಇರಬಹುದು.

ಕೋಲಾರಮ್ಮನ ಕೆರೆಯವನು:

ಮೇಷ್ಟ್ರ ಮಾತಿಗೆ ನನ್ನದೊಂದು ತಕರಾರು ಸೇರಲಿ. ಏರಿ, ನೀರು, ಗುಡಿ ಈ ಮೂರೂ ಇಲ್ಲದ ಊರು ನಮ್ಮ ಸೀಮೆಯಲ್ಲಿ ಯಾವುದಿದೆ? ತಾತ ಬೆಂಗಳೂರಿಗೆ ಹೋಗುತ್ತಿದ್ದರು ಎಂಬ ಒಂದೇ ಕಾರಣಕ್ಕೆ ಡಬ್ಬಿಯಲ್ಲಿರುವುದೆಲ್ಲ ಬೆಂಗಳೂರಾಗಿಬಿಡುತ್ತದೆಯೇ? ಸಣ್ಣ ರೈಲು ಇತ್ತ ಕೋಲಾರ, ಬಂಗಾರಪೇಟೆಗೂ ಹೋಗುತ್ತಿತ್ತು. ಕೋಲಾರದ ಕೆರೆಯ ಏರಿಯ ಮೇಲೆ ನಿಂತು ಚಿತ್ರ ತೆಗೆಸಿಕೊಂಡಿದ್ದರೆ? ನೀರಿನ ಹಿಂದೆ ಅಂತರಗಂಗೆಯ ಬೆಟ್ಟದ ಸಾಲು ಕಾಣುತ್ತದೆಯೇ ಎಂದು ಮೊದಲು ನೋಡಿ. ದೊಡ್ಡ ಊರಿನ ಕಳೆದುಹೋದ ಕೆರೆಯನ್ನು ಹುಡುಕುವ ಉತ್ಸಾಹದಲ್ಲಿ ಚಿಕ್ಕ ಊರಿನ ಇನ್ನೂ ಇರುವ ಕೆರೆಯನ್ನು ಅದಕ್ಕೆ ದಾನ ಮಾಡಬಾರದು.

ಗೌರಿಬಿದನೂರಿನ ಓದುಗಿ:

ನಾನು ಕೆಲವು ವರ್ಷಗಳಿಂದ ನೆಂಟರಿಷ್ಟರ ಮನೆಗಳ ಹಳೆಯ ಚಿತ್ರಗಳನ್ನು ಸ್ಕ್ಯಾನ್ ಮಾಡಿಕೊಡುತ್ತಿದ್ದೇನೆ. ನಿಮ್ಮ ದಿಕ್ಕಿನ ಗೊಂದಲವನ್ನು ಓದಿದೊಡನೆ ನನಗೆ ಹೊಳೆದದ್ದು, ಚಿತ್ರವೇ ಎಡಬಲ ತಿರುಗಿರಬಹುದು ಎಂಬುದು. ನೆಗೆಟಿವ್ ಅನ್ನು ಮಗುಚಿಟ್ಟು ಮುದ್ರಿಸಿದರೆ ಹೀಗಾಗುತ್ತದೆ. ಎಷ್ಟೋ ವರ್ಷಗಳ ಮೇಲೆ ಯಾರೋ ಸ್ಟುಡಿಯೋಗೆ ಒಯ್ದು ಮತ್ತೊಂದು ಪ್ರತಿ ಹಾಕಿಸಿದಾಗ ಈ ತಪ್ಪು ಹೆಚ್ಚು. ನನ್ನ ಚಿಕ್ಕಮ್ಮನ ಮದುವೆಯ ಚಿತ್ರವೊಂದರಲ್ಲಿ ವರ ಎಡಗೈಯಿಂದ ತಾಳಿ ಕಟ್ಟುತ್ತಿದ್ದಾನೆ; ಎರಡು ತಲೆಮಾರು ಅದನ್ನು ಯಾರೂ ಗಮನಿಸಿರಲಿಲ್ಲ.

ಪರೀಕ್ಷೆ ಸುಲಭ. ಚಿತ್ರದಲ್ಲಿ ಅಕ್ಷರವಿದ್ದರೆ ಮಾತೇ ಬೇಡ. ಇಲ್ಲದಿದ್ದರೆ ತಾತನ ಕೋಟನ್ನು ನೋಡಿ. ಗಂಡಸರ ಕೋಟಿನಲ್ಲಿ ಎಡ ಅಂಚು ಬಲ ಅಂಚಿನ ಮೇಲೆ ಬರುತ್ತದೆ, ಎದೆಯ ಜೇಬು ಎಡಕ್ಕಿರುತ್ತದೆ. ನಮ್ಮೆದುರು ನಿಂತವರ ಎಡ ನಮ್ಮ ಬಲವಾದ್ದರಿಂದ, ಸರಿಯಾದ ಪ್ರತಿಯಲ್ಲಿ ಜೇಬು ನೋಡುವವರ ಬಲಕ್ಕೆ ಕಾಣಬೇಕು. ಅದು ಎಡಕ್ಕೆ ಕಂಡರೆ ಪ್ರತಿ ತಿರುಗಿದೆ ಎಂದೇ ತಿಳಿಯಿರಿ.

ನೀವು ಹೇಳಿದ ಅಳತೆ 120ರ ಫಿಲ್ಮಿನ ನೆಗೆಟಿವ್‌ನ ಅಳತೆ. ಅಂದರೆ ಹಿಗ್ಗಿಸದೆ, ನೆಗೆಟಿವ್ ಅನ್ನು ಕಾಗದಕ್ಕೇ ಒತ್ತಿ ತೆಗೆದ ಪ್ರತಿ ಇದು. ಆ ಫಿಲ್ಮು 1901ರಲ್ಲಿ ಬಂದದ್ದು, ಡಬ್ಬಿ ಕ್ಯಾಮೆರಾಗಳಲ್ಲಿ ಬಳಸುತ್ತಿದ್ದದ್ದು. ಆ ಕ್ಯಾಮೆರಾವನ್ನು ಕಣ್ಣಿಗೆ ಹಿಡಿಯದೆ ಸೊಂಟದ ಬಳಿ ಹಿಡಿದು, ತಲೆ ತಗ್ಗಿಸಿ ನೋಡಿ ತೆಗೆಯುತ್ತಿದ್ದರು. ಆಚೆ ದಡದ ಗೆರೆ ತಾತನ ಮೈಯನ್ನು ಯಾವ ಮಟ್ಟದಲ್ಲಿ ಹಾಯುತ್ತದೆ ಎಂದು ನೋಡಿ. ನಡುವಿನ ಬಳಿ ಹಾದರೆ ಕ್ಯಾಮೆರಾ ಅಷ್ಟೇ ಎತ್ತರದಲ್ಲಿತ್ತು. ತೆಗೆದವರು ಮುಕ್ಕಾಲಿಯ ಮೇಲೆ ದೊಡ್ಡ ಕ್ಯಾಮೆರಾ ಇಟ್ಟ ಸ್ಟುಡಿಯೋದವರಲ್ಲ, ಗೆಳೆಯರೋ ನೆಂಟರೋ ಇರಬೇಕು.

ಸ್ಕ್ಯಾನ್ ಮಾಡುವುದಾದರೆ ಇಷ್ಟು ಚಿಕ್ಕ ಪ್ರತಿಗೆ 1200 ಡಿಪಿಐ ಇಡಿ, ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಟಿಫ್ ಕಡತವಾಗಿ ಉಳಿಸಿ. ವಾಟ್ಸಾಪಿನಲ್ಲಿ ಸುತ್ತಿ ಬಂದ ಪ್ರತಿಯಲ್ಲಿ ಗುಂಡಿ, ಜೇಬು ಏನೂ ಉಳಿಯುವುದಿಲ್ಲ. ದಯಮಾಡಿ ಲ್ಯಾಮಿನೇಟ್ ಮಾಡಿಸಬೇಡಿ. ಹಿಂದೆ ಏನಾದರೂ ಬರೆಯಲೇಬೇಕೆಂದರೆ ಮೃದುವಾದ ಪೆನ್ಸಿಲಿನಲ್ಲಿ ಬರೆಯಿರಿ, ಬರೆದ ದಿನಾಂಕವನ್ನೂ ಸೇರಿಸಿ. ಇನ್ನು ಐವತ್ತು ವರ್ಷದ ಮೇಲೆ ಯಾವುದೋ ಮೇಷ್ಟ್ರು ನಿಮ್ಮ ಪೆನ್ನನ್ನು ಹಿಡಿದುಕೊಂಡು ನಿಮ್ಮನ್ನು ಪ್ರಶ್ನಿಸದಿರಲಿ.

ಶಿಡ್ಲಘಟ್ಟದವನು:

ಮೇಷ್ಟ್ರಿಗೂ ಮೇಡಂ ಅವರಿಗೂ ಕೋಲಾರದ ಸಹೋದರರಿಗೂ ಋಣಿ. ಕಳೆದ ಮೂರು ರಾತ್ರಿ ಇದೇ ಕೆಲಸವಾಯಿತು.

1200ರಲ್ಲಿ ಸ್ಕ್ಯಾನ್ ಮಾಡಿ ನೋಡಿದೆ. ಜೇಬು ನೋಡುವವರ ಎಡಕ್ಕಿದೆ, ಅದರಲ್ಲಿ ಪೆನ್ನಿನ ಕೊಂಡಿಯೂ ಕಾಣುತ್ತದೆ. ಕೋಟಿನ ಅಂಚು ಹೆಂಗಸರ ರವಿಕೆಯ ಹಾಗೆ ಬಲದಿಂದ ಎಡಕ್ಕೆ ಬಂದಿದೆ. ಅಂದರೆ ಪ್ರತಿ ತಿರುಗಿದೆ. ಕಂಪ್ಯೂಟರಿನಲ್ಲಿ ಮಗುಚಿದಾಗ ಗುಡಿ ಬಲಕ್ಕೂ ಹೊಗೆ ಎಡಕ್ಕೂ ಹೋದವು. ದಕ್ಷಿಣದ ಏರಿಯ ಮೇಲೆ ಉತ್ತರಕ್ಕೆ ಮುಖಮಾಡಿ ನಿಂತ ಕ್ಯಾಮೆರಾಗೆ ಅಣ್ಣಮ್ಮನ ಗುಡಿ ಬಲಕ್ಕೂ ರೈಲು ನಿಲ್ದಾಣ ಎಡಕ್ಕೂ ಕಾಣುವುದೇ ಸರಿ. ದಡದ ಗೆರೆ ತಾತನ ಸೊಂಟದ ಪಟ್ಟಿಯ ಮಟ್ಟದಲ್ಲಿಯೇ ಹಾದಿದೆ. ನೀರಿನಾಚೆ ಬೆಟ್ಟವಿಲ್ಲ, ಮರಗಳ ತಲೆಗಳ ಮೇಲೆ ಬರಿಯ ಆಕಾಶ. ಹಾಗಾಗಿ ಕೋಲಾರದ ಕೆರೆ ಕೋಲಾರಕ್ಕೇ ಉಳಿಯಿತು.

ಇನ್ನೊಂದು ಸಂಗತಿಯನ್ನು ನಾನೇ ಕಂಡುಕೊಂಡೆ, ತಪ್ಪಿದ್ದರೆ ತಿದ್ದಿ. ಮಗುಚಿದ ಪ್ರತಿಯಲ್ಲಿ ತಾತನ ನೆರಳು ಅವರ ಹಿಂದಕ್ಕೆ, ಬಲಕ್ಕೆ ವಾಲಿ ಬಿದ್ದಿದೆ, ಅಂದರೆ ಈಶಾನ್ಯಕ್ಕೆ. ಹಾಗಿದ್ದರೆ ಸೂರ್ಯ ನೈಋತ್ಯದಲ್ಲಿರಬೇಕು, ಹೊತ್ತು ಮಧ್ಯಾಹ್ನ ಕಳೆದಿರಬೇಕು. ಬೇಸಗೆಯ ಕೊನೆಯಲ್ಲಿಯೂ ಮಳೆಗಾಲದ ಮೊದಲಲ್ಲಿಯೂ ಬೆಂಗಳೂರಿನ ಇಳಿಹೊತ್ತಿನ ಸೂರ್ಯ ವಾಯವ್ಯಕ್ಕೆ ಸರಿದಿರುತ್ತಾನೆ. ಆದ್ದರಿಂದ ಇದು ಚಳಿಗಾಲದ ಆಸುಪಾಸಿನ ಚಿತ್ರ. ಹಿಂಗಾರು ಮುಗಿದ ಮೇಲೆ ಕೆರೆಯಲ್ಲಿ ಅಷ್ಟು ನೀರಿದ್ದದ್ದೂ ಹೊಂದುತ್ತದೆ.

ಬಾಲ್‌ಪೆನ್ನಿನ ಬರವಣಿಗೆಯನ್ನು ಚಿಂತಾಮಣಿಯಲ್ಲಿರುವ ಸೋದರತ್ತೆಗೆ ತೋರಿಸಿದೆ. ನೋಡಿದೊಡನೆ ಅವರು, “ಇದು ನಿಮ್ಮ ದೊಡ್ಡಪ್ಪನ ಕೈ ಕಣಪ್ಪ, ಅಮ್ಮನ ತಿಥಿಗೆ ಬಂದಾಗ ಎಲ್ಲದಕ್ಕೂ ಹೆಸರು ಬರೆದುಕೊಂಡು ಕೂತಿದ್ದ,” ಎಂದರು. 1931 ಎಲ್ಲಿಂದ ಬಂತೆಂದು ಕೇಳಿದ್ದಕ್ಕೆ, ಅದು ತಾತ ಗುಮಾಸ್ತಿಕೆಗೆ ಸೇರಿದ ವರ್ಷವೆಂದೂ, ಬೆಂಗಳೂರಿನ ಕಾಲಕ್ಕೆಲ್ಲ ದೊಡ್ಡಪ್ಪ ಅದೇ ವರ್ಷವನ್ನು ಹಾಕುತ್ತಿದ್ದನೆಂದೂ ಹೇಳಿದರು. ಅಜ್ಜಿ ಮಾತ್ರ ಬದುಕಿದ್ದಾಗ ಈ ಚಿತ್ರವನ್ನು ‘ಏರಿ ಮೇಲಿನ ಫೋಟೊ’ ಎನ್ನುತ್ತಿದ್ದಳಂತೆ, ಕೆರೆಯ ಹೆಸರನ್ನು ಹೇಳಿದ್ದು ಅತ್ತೆಗೆ ನೆನಪಿಲ್ಲ.

ಮುಳಬಾಗಿಲಿನ ಡ್ರಾಯಿಂಗ್ ಮೇಷ್ಟ್ರು:

ನೆರಳಿನ ಲೆಕ್ಕ ಸರಿಯಾಗಿದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರೂ ಇದನ್ನು ಇಷ್ಟು ಚೆನ್ನಾಗಿ ಮಾಡಿರಲಿಲ್ಲ ಎಂದು ಹೇಳಿದರೆ ಅವರು ಬೇಸರಪಡಬಾರದು. ಆದರೂ ಒಂದು ಎಚ್ಚರಿಕೆ: ದಿಕ್ಕನ್ನು ನೀವು ಧರ್ಮಾಂಬುಧಿ ಎಂದು ಒಪ್ಪಿಕೊಂಡ ಮೇಲೆ ಗೊತ್ತುಮಾಡಿದ್ದೀರಿ, ನೆರಳನ್ನು ಆ ದಿಕ್ಕಿನಿಂದ ಓದಿದ್ದೀರಿ. ನೆರಳು ಕೆರೆಯನ್ನು ಸಾಬೀತು ಮಾಡುವುದಿಲ್ಲ, ಅದರೊಡನೆ ಜಗಳವಾಡುತ್ತಿಲ್ಲ ಎಂದಷ್ಟೇ ಹೇಳುತ್ತದೆ. ಅದಕ್ಕೆ ಹೊರಗಿನ ಆಧಾರ ಬೇಕು. ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಹಳೆಯ ನಕ್ಷೆಗಳನ್ನು ಕೇಳಿ ನೋಡಿ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯ ಗ್ರಂಥಾಲಯಕ್ಕೂ ಹೋಗಿ. ಕೆರೆಯ ಅಂಚು ಯಾವ ಕಾಲದಲ್ಲಿ ಎಲ್ಲಿಯವರೆಗಿತ್ತು ಎಂಬುದು ನಕ್ಷೆಯಲ್ಲಿ ಸಿಕ್ಕಿದರೆ, ಗುಡಿಗೂ ನೀರಿಗೂ ಇರುವ ಅಂತರವನ್ನು ನಿಮ್ಮ ಚಿತ್ರದೊಡನೆ ಹೋಲಿಸಬಹುದು.

ಗುಬ್ಬಿಯ ಓದುಗ:

ತಡವಾಗಿ ಸೇರುತ್ತಿದ್ದೇನೆ. ನಮ್ಮೂರಿನ ತೋಟದಪ್ಪನವರು ಕಟ್ಟಿಸಿದ ಛತ್ರ 1903ರಿಂದ ಬೆಂಗಳೂರಿನ ರೈಲು ನಿಲ್ದಾಣದೆದುರು ಇದೆ. ನಿಮ್ಮ ಚಿತ್ರದ ಎಡ ಅಂಚಿನಲ್ಲಿ ಹಂಚಿನ ಮಾಡಿನ ಕಟ್ಟಡವೇನಾದರೂ ಕಂಡರೆ ಹೋಲಿಸಿ ನೋಡಬಹುದು.

ಶಿಡ್ಲಘಟ್ಟದವನು:

ಎಡ ಅಂಚಿನಲ್ಲಿ ಕಾಗದ ಮಡಿಚಿ ಬಿಳಿಚಿಕೊಂಡಿದೆ. ಅಲ್ಲಿ ಏನಿತ್ತೆಂಬುದು ಹೊರಟೇಹೋಗಿದೆ. ಮೇಷ್ಟ್ರ ಮಾತಿನಂತೆ ‘ಧರ್ಮಾಂಬುಧಿ’ ಎಂಬುದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದೇನೆ. ದೊಡ್ಡಪ್ಪನ ಬರಹವನ್ನು ಅಳಿಸಿಲ್ಲ. ಅದರ ಕೆಳಗೆ ಪೆನ್ಸಿಲಿನಲ್ಲಿ, ಇದು ಅವರ ಕೈಬರಹ, ಪ್ರತಿ ಎಡಬಲ ತಿರುಗಿದೆ ಎಂದು ಬರೆದು ಇವತ್ತಿನ ತಾರೀಖು ಹಾಕಿದೆ. ಬರುವ ವಾರ ಪತ್ರಾಗಾರಕ್ಕೆ ಹೋಗುತ್ತೇನೆ. ಮಧ್ಯಾಹ್ನ ಮೂರರ ಮೇಲೆ ಬಿಡುವಾದರೆ ಟ್ಯಾಂಕ್ ಬಂಡ್ ರಸ್ತೆಯಲ್ಲಿ ನಿಂತು ಫೋನನ್ನು ಸೊಂಟದ ಬಳಿ ಹಿಡಿದು ಉತ್ತರಕ್ಕೆ ಒಂದು ಚಿತ್ರ ತೆಗೆಯಬೇಕೆಂದಿದ್ದೇನೆ. ನಕ್ಷೆಯಲ್ಲಿ ಏನು ಕಂಡಿತೆಂಬುದನ್ನು ಇಲ್ಲಿಯೇ ಬರೆಯುತ್ತೇನೆ.