ಚಾಮ್ಲಿಂಗ್ 25 ವರ್ಷ ಆಳಿ ಸೋತಿದ್ದು ಹೇಗೆ? ಸಿಕ್ಕಿಂನಲ್ಲಿ ಇದ್ದು ಬಂದವರು ಯಾರಾದರೂ ಇದ್ದೀರಾ?

ಪ್ರಶ್ನೆ (ಹಾಸನದ ವಿದ್ಯಾರ್ಥಿ)

ಎಲ್ಲರಿಗೂ ನಮಸ್ಕಾರ. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಮುಂದಿನ ವಾರ ತರಗತಿಯಲ್ಲಿ ಸಿಕ್ಕಿಂ ಚುನಾವಣೆ ಬಗ್ಗೆ ಮಾತಾಡಬೇಕು. ಪವನ್ ಕುಮಾರ್ ಚಾಮ್ಲಿಂಗ್ 1994ರ ಡಿಸೆಂಬರ್‌ನಿಂದ 2019ರ ಮೇ ತನಕ ಮುಖ್ಯಮಂತ್ರಿ ಆಗಿದ್ದರು. ಪಶ್ಚಿಮ ಬಂಗಾಳದಲ್ಲಿ ದೀರ್ಘ ಕಾಲ ಮುಖ್ಯಮಂತ್ರಿ ಆಗಿದ್ದ ಜ್ಯೋತಿ ಬಸು ಅವರ ದಾಖಲೆಯನ್ನೂ ದಾಟಿದರು. 2009ರಲ್ಲಿ 32ಕ್ಕೆ 32 ಸ್ಥಾನವೂ ಅವರ ಪಕ್ಷ ಎಸ್‌ಡಿಎಫ್‌ಗೇ ಬಂತು. ಅದಾಗಿ ಹತ್ತೇ ವರ್ಷಕ್ಕೆ ಅಧಿಕಾರ ಹೋಯಿತು. 2024ರಲ್ಲಿ ನಿಂತ ಎರಡೂ ಕಡೆ ಅವರೇ ಸೋತರು. ಎಲ್ಲಿ ಹುಡುಕಿದರೂ "ಜನಕ್ಕೆ ಸಾಕಾಗಿತ್ತು" ಅಂತ ಒಂದೇ ಮಾತು. ಅಷ್ಟೇನಾ?

ಉತ್ತರ 1 (ಚುನಾವಣೆ ಆಸಕ್ತ, ಮೈಸೂರು)

ತ್ರಿಪುರಾ ಜೊತೆ ಇಟ್ಟು ನೋಡಿ. ಅಲ್ಲಿ 60 ಸ್ಥಾನ. ಸಿಪಿಎಂನ ಮಾಣಿಕ್ ಸರ್ಕಾರ್ 1998ರಿಂದ 20 ವರ್ಷ ಮುಖ್ಯಮಂತ್ರಿ ಆಗಿದ್ದರು. 2013ರಲ್ಲಿ 49 ಸ್ಥಾನ ಗೆದ್ದಿದ್ದ ಸಿಪಿಎಂ 2018ರಲ್ಲಿ 16ಕ್ಕೆ ಇಳಿಯಿತು. ಆದರೆ ಮತ ನೋಡಿದರೆ ಆಗಲೂ ನೂರಕ್ಕೆ 42 ಇತ್ತು. ಸರ್ಕಾರ್ ಅವರೂ ಧನಪುರದಲ್ಲಿ ಗೆದ್ದರು. ಸ್ಥಾನ ಕುಸಿದಷ್ಟು ಮತ ಕುಸಿದಿರಲಿಲ್ಲ.

ಉತ್ತರ 2 (ತಿಪಟೂರಿನವಳು)

ನಾನು ಬ್ಯಾಂಕ್ ಕೆಲಸದ ಮೇಲೆ 2017ರಿಂದ ಮೂರು ವರ್ಷ ನಾಮ್ಚಿಯಲ್ಲಿದ್ದೆ. ಚಾಮ್ಲಿಂಗ್ ಅವರ ಸ್ವಂತ ಸೀಮೆ ಅದು. ನಾಮ್ಚಿ-ಸಿಂಗಿಥಾಂಗ್ ಅವರದೇ ಕ್ಷೇತ್ರ. ಹಾಗಾಗಿ ಕಂಡಿದ್ದನ್ನು ಹೇಳುತ್ತೇನೆ.

ಮೊದಲು ಒಂದು ಲೆಕ್ಕ ತಲೆಯಲ್ಲಿರಲಿ. ನಮ್ಮಲ್ಲಿ ಒಂದು ವಿಧಾನಸಭಾ ಕ್ಷೇತ್ರ ಅಂದರೆ ಸರಾಸರಿ ಎರಡು ಲಕ್ಷಕ್ಕಿಂತ ಜಾಸ್ತಿ ಮತದಾರರು. ಸಿಕ್ಕಿಂನಲ್ಲಿ 2019ರಲ್ಲಿ ಇಡೀ ರಾಜ್ಯಕ್ಕೇ ಸುಮಾರು 4.3 ಲಕ್ಷ. ಒಂದು ಕ್ಷೇತ್ರಕ್ಕೆ ಹದಿಮೂರು ಹದಿನಾಲ್ಕು ಸಾವಿರ. ನಮ್ಮ ತಿಪಟೂರಿನ ಕೆಲವು ವಾರ್ಡು ಸೇರಿಸಿದರೆ ಅಲ್ಲಿಯ ಒಂದು ಕ್ಷೇತ್ರ ಆಗುತ್ತದೆ. ಯಾರ ಮಗ ಯಾವ ಇಲಾಖೆಯಲ್ಲಿ, ಯಾರ ಮನೆ ಮೇಲೆ ಯಾವ ಬಾವುಟ, ಎಲ್ಲರಿಗೂ ಗೊತ್ತು. ದೊಡ್ಡ ಕಾರ್ಖಾನೆಗಳು ಕಡಿಮೆ. ಓದಿದ ಹುಡುಗರು ಸರ್ಕಾರಿ ಕೆಲಸವನ್ನೇ ಕಾಯುತ್ತಾರೆ. ಅಂಥ ಜಾಗದಲ್ಲಿ ಆಳುವ ಪಕ್ಷವನ್ನು ಬಾಯಿಬಿಟ್ಟು ಟೀಕಿಸುವುದು ಸುಲಭ ಅಲ್ಲ.

ನಾನಿದ್ದ ಮನೆಯ ಯಜಮಾನಿಯನ್ನು ದೀದಿ ಅನ್ನುತ್ತಿದ್ದೆ. ಅವರ ಮಾಳಿಗೆ ಮೇಲೆ ಎಸ್‌ಡಿಎಫ್‌ನ ಕೊಡೆ ಗುರುತಿನ ಬಾವುಟ ಮೂರು ವರ್ಷವೂ ಇತ್ತು. ಚುನಾವಣೆ ಬಗ್ಗೆ ಕೇಳಿದರೆ "ಥಾಹಾ ಛೈನ" ಅನ್ನುತ್ತಿದ್ದರು, ಗೊತ್ತಿಲ್ಲ ಅಂತ. ಅಂಗಡಿಯಲ್ಲಿ, ಸುಮೋ ಸ್ಟ್ಯಾಂಡಿನಲ್ಲಿ, ಎಲ್ಲಿ ಕೇಳಿದರೂ ಅದೇ ಎರಡು ಶಬ್ದ. ನಮ್ಮೂರಲ್ಲಾದರೆ ಟೀ ಅಂಗಡಿಯಲ್ಲಿ ಹತ್ತು ನಿಮಿಷ ಕೂತರೆ ಊರಿನ ಒಲವು ಗೊತ್ತಾಗುತ್ತದೆ ಅಲ್ವಾ? ಅಲ್ಲಿ ಆಗಲಿಲ್ಲ.

2019ರ ಜನವರಿಯಲ್ಲಿ ಗ್ಯಾಂಗ್‌ಟಾಕ್‌ನ ಪಾಲ್ಜೋರ್ ಮೈದಾನದಲ್ಲಿ 'ಒಂದು ಕುಟುಂಬ ಒಂದು ಉದ್ಯೋಗ' ಯೋಜನೆ ಶುರುವಾಯಿತು. ಸುಮಾರು 12,000 ಜನಕ್ಕೆ ನೇಮಕ ಪತ್ರ. ಚುನಾವಣೆಗೆ ಮೂರು ತಿಂಗಳಿತ್ತು. ಆ ಹುಡುಗ ಹುಡುಗಿಯರು ಸಂಬಳದ ಖಾತೆ ತೆರೆಯೋಕೆ ನಮ್ಮ ಕೌಂಟರಿಗೇ ಬರುತ್ತಿದ್ದರು. ಅವರ ಮುಖ ನನಗೆ ಇನ್ನೂ ನೆನಪಿದೆ. ಖುಷಿ ಇತ್ತು, ನಿಜ. ಆದರೆ ಪತ್ರ ಮುಂದಿಟ್ಟು "ಮೇಡಂ, ಇದು ಖಾಯಂ ಆಗುತ್ತಾ?" ಅಂತ ನನ್ನನ್ನು ಕೇಳುತ್ತಿದ್ದರು. ನನಗೆ ಏನು ಗೊತ್ತು? ಎಂ.ಎ. ಮಾಡಿದ ಹುಡುಗಿ ಕೆಳದರ್ಜೆಯ ಕೆಲಸದ ಪತ್ರ ಹಿಡಿದು ನಿಂತಿದ್ದಳು. ಇಪ್ಪತ್ತೈದು ವರ್ಷದ ಸರ್ಕಾರ ಕೊನೆಗಳಿಗೆಯಲ್ಲಿ ಕೊಟ್ಟ ಕೆಲಸಕ್ಕೆ ಜನ ಋಣಿಯಾಗುವ ಬದಲು "ಇಷ್ಟು ದಿನ ಯಾಕೆ ಕೊಡಲಿಲ್ಲ" ಅಂತ ಯೋಚಿಸಿದರು. ನನ್ನ ಪ್ರಕಾರ ಚಾಮ್ಲಿಂಗ್ ಸೋತಿದ್ದು ಅಲ್ಲಿ. ಆ ಮಕ್ಕಳು ಹುಟ್ಟಿದಾಗಿನಿಂದ ಕಂಡಿದ್ದು ಒಬ್ಬರೇ ಮುಖ್ಯಮಂತ್ರಿಯನ್ನು.

ಅವರು ಕೆಲಸ ಮಾಡಲಿಲ್ಲ ಅಂತ ನಾನು ಹೇಳುವುದಿಲ್ಲ. 2016ರಲ್ಲಿ ಸಿಕ್ಕಿಂ ಪೂರ್ತಿ ಸಾವಯವ ರಾಜ್ಯ ಅಂತ ಘೋಷಣೆಯಾಯಿತು. ನಾಮ್ಚಿ ಪೇಟೆಯಷ್ಟು ಚೊಕ್ಕ ಇರುವ ಊರನ್ನು ನಾನು ಕಡಿಮೆ ನೋಡಿದ್ದೇನೆ. ಎದುರಾಳಿ ಪ್ರೇಮ್ ಸಿಂಗ್ ತಮಾಂಗ್. ಅಲ್ಲಿ ಎಲ್ಲರೂ ಗೋಲೆ ಅನ್ನುತ್ತಾರೆ. ಅವರೂ ಮೊದಲು ಚಾಮ್ಲಿಂಗ್ ಸಂಪುಟದಲ್ಲೇ ಇದ್ದವರು. 2013ರಲ್ಲಿ ಎಸ್‌ಕೆಎಂ ಅನ್ನುವ ತಮ್ಮದೇ ಪಕ್ಷ ಕಟ್ಟಿದರು. ಭ್ರಷ್ಟಾಚಾರದ ಕೇಸಿನಲ್ಲಿ ಶಿಕ್ಷೆಯಾಗಿ ಒಂದು ವರ್ಷ ಜೈಲಿನಲ್ಲಿದ್ದು 2018ರ ಆಗಸ್ಟ್‌ನಲ್ಲಿ ಹೊರಬಂದರು. ಜೈಲಿಗೆ ಹೋದವರಿಗೆ ಯಾರು ವೋಟು ಹಾಕುತ್ತಾರೆ ಅಂದುಕೊಂಡಿದ್ದೆ. ನನ್ನ ಅಂದಾಜು ತಪ್ಪಾಯಿತು.

ಫಲಿತಾಂಶ ಬಂದಾಗ ಎಸ್‌ಕೆಎಂಗೆ 17, ಎಸ್‌ಡಿಎಫ್‌ಗೆ 15. ನಿಮ್ಮ ಮಾತಿಗೆ ಇದನ್ನು ಖಂಡಿತ ಸೇರಿಸಿಕೊಳ್ಳಿ: ಸೋತ ಎಸ್‌ಡಿಎಫ್‌ಗೇ ಒಟ್ಟು ಮತ ಚೂರು ಜಾಸ್ತಿ ಇತ್ತು. ಇಬ್ಬರದ್ದೂ ನೂರಕ್ಕೆ 47ರ ಆಸುಪಾಸು. ಚಾಮ್ಲಿಂಗ್ ನಿಂತ ಎರಡೂ ಕಡೆ ಗೆದ್ದಿದ್ದರು. ಜನ ಪೂರ್ತಿ ಕೈಬಿಟ್ಟಿದ್ದರು ಅನ್ನುವುದು ಆಗ ಸುಳ್ಳು.

ಕೈಬಿಟ್ಟಿದ್ದು ಶಾಸಕರು. ಎರಡೆರಡು ಕಡೆ ಗೆದ್ದ ಇಬ್ಬರು ಒಂದೊಂದು ಸ್ಥಾನ ಬಿಟ್ಟ ಮೇಲೆ ಎಸ್‌ಡಿಎಫ್‌ಗೆ ಇದ್ದವರು 13. ಮೂರೇ ತಿಂಗಳಲ್ಲಿ ಅವರಲ್ಲಿ ಹತ್ತು ಜನ ಬಿಜೆಪಿಗೆ, ಇಬ್ಬರು ಎಸ್‌ಕೆಎಂಗೆ ಹೋದರು. ಸದನದಲ್ಲಿ ಎಸ್‌ಡಿಎಫ್‌ನವರು ಚಾಮ್ಲಿಂಗ್ ಒಬ್ಬರೇ ಉಳಿದರು. ಅದು ನನಗೆ ತುಂಬಾ ನೋವು ಕೊಟ್ಟಿತು. ಅವರಿಗೆ ಮತ ಹಾಕಿದ ಅರ್ಧ ರಾಜ್ಯದ ಪರವಾಗಿ ಮಾತಾಡೋಕೆ ಒಬ್ಬರು ಸಾಕೇ?

ಉತ್ತರ 3 (ಶಿವಮೊಗ್ಗ)

ಒಂದು ಸಣ್ಣ ವಿಷಯ ಸೇರಿಸುತ್ತೇನೆ. 32ರಲ್ಲಿ ಒಂದು ಸ್ಥಾನ 'ಸಂಘ'. ಅದಕ್ಕೆ ಊರಿನ ಗಡಿ ಇಲ್ಲ. ಬೌದ್ಧ ಮಠಗಳ ಭಿಕ್ಷುಗಳು, ಭಿಕ್ಷುಣಿಯರು ಮಾತ್ರ ಅದಕ್ಕೆ ವೋಟು ಹಾಕುತ್ತಾರೆ. 2004ರಲ್ಲಿ ಚಾಮ್ಲಿಂಗ್ ಪಕ್ಷ 31 ಗೆದ್ದಾಗ ಕೈತಪ್ಪಿದ್ದು ಅದೊಂದೇ, ಕಾಂಗ್ರೆಸ್‌ಗೆ ಹೋಯಿತು.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ ಅಕ್ಕಾ. 2024ರಲ್ಲಿ ಎಸ್‌ಕೆಎಂಗೆ 31 ಬಂತಲ್ಲ, ಅಂದರೆ ಗೋಲೆ ಅವರನ್ನು ಜನ ಅಷ್ಟು ಇಷ್ಟಪಟ್ಟರಾ? ಆಮೇಲೆ ದೀದಿ ಯಾರಿಗೆ ವೋಟು ಹಾಕಿದರು?

ಉತ್ತರ (ತಿಪಟೂರಿನವಳು)

31 ಅಂದ ಕೂಡಲೇ ಹಾಗೆ ಅಂದುಕೊಳ್ಳಬೇಡ ತಮ್ಮಾ. 1989ರಲ್ಲಿ ಆಗಿನ ಮುಖ್ಯಮಂತ್ರಿ ನರ್ ಬಹಾದ್ದೂರ್ ಭಂಡಾರಿ ಪಕ್ಷವೂ 32ಕ್ಕೆ 32 ಗೆದ್ದಿತ್ತು. ಐದು ವರ್ಷಕ್ಕೆ ನಡೆದ ಚುನಾವಣೆಯಲ್ಲಿ ಚಾಮ್ಲಿಂಗ್ ಪಕ್ಷ ಅದನ್ನು ಸೋಲಿಸಿತು. ಕ್ಷೇತ್ರ ಚಿಕ್ಕದು, ಕೆಲವು ನೂರು ಮನೆ ಆ ಕಡೆ ವಾಲಿದರೆ ಸೀಟೇ ಹೋಗುತ್ತದೆ. 2024ರಲ್ಲಿ ಎಸ್‌ಕೆಎಂಗೆ ಬಂದ ಮತ ನೂರಕ್ಕೆ 58. ಎಸ್‌ಡಿಎಫ್‌ಗೆ 27, ಸ್ಥಾನ ಒಂದೇ, ಶ್ಯಾರಿ. ಅಲ್ಲಿ ಗೆದ್ದವರೂ ಮುಂದಿನ ತಿಂಗಳೇ ಎಸ್‌ಕೆಎಂ ಸೇರಿದರು. ಈಗ ವಿರೋಧ ಪಕ್ಷಕ್ಕೆ ಸದನದಲ್ಲಿ ಒಂದು ಕುರ್ಚಿಯೂ ಇಲ್ಲ. ತರಗತಿಯಲ್ಲಿ ಇದನ್ನು ಒತ್ತಿ ಹೇಳು.

ದೀದಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಫಲಿತಾಂಶದ ಮಾರನೇ ದಿನ ಬೆಳಗ್ಗೆ ಬಟ್ಟೆ ಒಣಹಾಕೋಕೆ ಮಾಳಿಗೆಗೆ ಹೋದೆ. ಕೊಡೆಯ ಬಾವುಟ ಹಾಗೇ ಇತ್ತು. ಎದುರು ಸಾಲಿನ ನಾಲ್ಕು ಮನೆಗಳಲ್ಲಿ ಮಾತ್ರ ಕೋಲು ಉಳಿದಿತ್ತು, ಬಾವುಟ ಇರಲಿಲ್ಲ.